ಏಳು ಕಲ್ಲಿನ ಕುಂಡ

ಫೆಬ್ರವರಿ 3, ಸೋಮವಾರ

ನೀರು: ಒಂದು ಲೋಟ. ಒತ್ತಡ: ಬರೆಯೋ ಹಾಗಿಲ್ಲ. ವಿಶೇಷ: ಅಕ್ಕ ಬಿದ್ದಳು.

ಇದು ಬಾಯ್ಲರಿನ ಪುಸ್ತಕ. ನಿವೃತ್ತಿಯಾದ ದಿನ ಒಂದು ಖಾಲಿ ಪುಸ್ತಕ ಎತ್ತಿಕೊಂಡು ಬಂದಿದ್ದೆ. ಕದ್ದದ್ದು ಅನ್ನೋರು ಅನ್ನಲಿ. ಆಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದಲ್ಲಿ ಮೂವತ್ತೆಂಟು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ದಿನಕ್ಕೆ ಎಂಟು ಸಲ ಇಂಥದೇ ಪುಸ್ತಕದಲ್ಲಿ ಬರೆಯಬೇಕಿತ್ತು. ನೀರು ಎಷ್ಟು, ಒತ್ತಡ ಎಷ್ಟು, ವಿಶೇಷ ಏನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಷ್ಟು ಬರೆಯೋದೇ ದೊಡ್ಡದು. ವಿಶೇಷದ ಎದುರಿಗೆ ಮೂವತ್ತೆಂಟು ವರ್ಷವೂ 'ಇಲ್ಲ' ಅಂತಲೇ ಬರೆದೆ. ವಿಶೇಷ ಇದೆ ಅಂದರೆ ಬಾಯ್ಲರ್ ಸಿಡಿದಿದೆ ಅಂತ ಅರ್ಥ.

ಇವತ್ತು ಬೆಳಿಗ್ಗೆ ಅಕ್ಕ ಬಚ್ಚಲ ಹೊಸ್ತಿಲು ಎಡವಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿದಿದೆ. ಎರಡನೇ ಮಹಡಿಯಿಂದ ಸ್ಟ್ರೆಚರಿನಲ್ಲಿ ಕಟ್ಟಿ ಇಳಿಸಬೇಕಾಯಿತು. ಕೆಳಗೆ ಆಂಬುಲೆನ್ಸ್ ಬಾಗಿಲು ಹಾಕೋ ಹೊತ್ತಿಗೆ ನನ್ನ ಅಂಗಿ ಹಿಡಿದು ಎಳೆದಳು.

"ಲೋ, ನನ್ನ ಕಲ್ಲುಗಳನ್ನ ನೋಡ್ಕೋ. ಏನೂ ಮಾಡಬೇಡ. ಸುಮ್ಮನೆ ನೋಡ್ಕೋ."

ಏನೂ ಮಾಡದೆ ನೋಡಿಕೊಳ್ಳೋದು ಹೇಗೆ? ನೋವಿಗೆ ಏನೋ ಬಡಬಡಿಸಿದಳು. ಮನೆಗೆ ಬಂದವನೇ ಒಂದು ಲೋಟ ನೀರು ಹಾಕಿದೆ.

ಫೆಬ್ರವರಿ 4, ಮಂಗಳವಾರ

ನೀರು: ಒಂದು ಲೋಟ. ಒತ್ತಡ: ಅಳೆಯೋ ಮೀಟರ್ ಇಲ್ಲ. ವಿಶೇಷ: ಇಲ್ಲ.

ಕಲ್ಲು ಅಂದರೆ ಕಲ್ಲಲ್ಲ, ಗಿಡ. ಅಕ್ಕನ ಕೋಣೆಯ ಕಿಟಕಿಯಲ್ಲಿ ಒಂದು ಅಗಲವಾದ ಮಣ್ಣಿನ ಕುಂಡ. ಅದರಲ್ಲಿ ದಪ್ಪ ಮರಳು. ಮರಳಿನಲ್ಲಿ ಅರ್ಧ ಹೂತುಕೊಂಡು ಏಳು. ಗೋಲಿಗಿಂತ ದೊಡ್ಡವು, ನಿಂಬೆಹಣ್ಣಿಗಿಂತ ಸಣ್ಣವು. ಬೂದು ಬಣ್ಣ, ನೆತ್ತಿಯ ಮೇಲೆ ಕಂದು ಚುಕ್ಕೆ, ನಡುವೆ ಒಂದು ಸೀಳು. ಕಾಂಡ ಇಲ್ಲ, ಕೊಂಬೆ ಇಲ್ಲ, ಮುಳ್ಳಂತೂ ಇಲ್ಲವೇ ಇಲ್ಲ. ಎರಡು ದಪ್ಪ ಎಲೆ ನೀರು ತುಂಬಿಕೊಂಡು, ಒಂದಕ್ಕೊಂದು ಅಂಟಿಕೊಂಡು ಕೂತರೆ ಹೀಗೆ ಕಾಣುತ್ತದಂತೆ.

ಹದಿನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡ ಮೇಲೆ ಅಕ್ಕ ಮೂರು ತಿಂಗಳಿಗೆ ಅಂತ ನನ್ನ ಮನೆಗೆ ಬಂದಳು. ಒಂದು ಪೆಟ್ಟಿಗೆ, ಈ ಕುಂಡ. ಮೊದಲ ಎರಡು ವರ್ಷ ನಾನು ಇವು ಕಲ್ಲೇ ಅಂದುಕೊಂಡಿದ್ದೆ. ಪಾಪ, ಗಂಡ ಹೋದ ಮೇಲೆ ತಲೆ ಸ್ವಲ್ಪ ಹೀಗಾಗಿದೆ ಅಂತ ಸುಮ್ಮನಿದ್ದೆ. ಒಂದು ಮಧ್ಯಾಹ್ನ ಸೀಳಿನೊಳಗಿಂದ ಬಿಳಿ ಹೂವು ಬಂತು. ಕರೆದು ತೋರಿಸಿದಳು. "ಸದ್ಯ, ಮೊಟ್ಟೆ ಇಡಲಿಲ್ಲವಲ್ಲ" ಅಂದೆ. ಎರಡು ದಿನ ಮಾತು ಬಿಟ್ಟಳು.

ಇವತ್ತು ಒಂದೊಂದಕ್ಕೂ ನಂಬರು ಕೊಟ್ಟೆ. ಎಡಗಡೆ ಮೂಲೆಯದು ಒಂದು. ಬಲಗಡೆಯದು ಏಳು.

ಫೆಬ್ರವರಿ 9, ಭಾನುವಾರ

ನೀರು: ಒಂದು ಲೋಟ. ವಿಶೇಷ: ಇಲ್ಲ.

ಶಸ್ತ್ರಚಿಕಿತ್ಸೆ ಆಗಿದೆ. ಹೋಗಿ ನೋಡಿ ಬಂದೆ. ಮಂಚದ ಮೇಲಿನ ಹೊದಿಕೆಗೆ ಇಸ್ತ್ರಿ ಸರಿ ಬಿದ್ದಿರಲಿಲ್ಲ. ನರ್ಸಿಗೆ ಹೇಳಿದೆ. ಪೇಷಂಟ್ ಹೇಗಿದ್ದಾರೆ ಅಂತ ಕೇಳೋದು ಬಿಟ್ಟು ಹೊದಿಕೆ ವಿಚಾರಿಸುತ್ತೀರಲ್ಲ ಅಂದಳು. ಪೇಷಂಟ್ ನನಗೆ ಕಾಣುತ್ತಾ ಇದ್ದಾಳೆ, ಕೇಳೋದೇನು?

ಅಕ್ಕ ನಿದ್ದೆಯಲ್ಲಿದ್ದಳು. ಪಾದ ಹೊದಿಕೆಯಿಂದ ಈಚೆಗಿತ್ತು. ಇಷ್ಟು ಸಣ್ಣದು ಅಂತ ಗೊತ್ತಿರಲಿಲ್ಲ.

ಫೆಬ್ರವರಿ 13, ಗುರುವಾರ

ನೀರು: ಒಂದು ಲೋಟ. ವಿಶೇಷ: ಇಲ್ಲ.

ಕಲ್ಲುಗಳು ಗುಂಡುಗುಂಡಾಗಿವೆ. ಅಕ್ಕ ಇದ್ದಾಗ ಹೀಗೆ ಇರಲಿಲ್ಲ. ಇಷ್ಟು ವರ್ಷ ಉಪವಾಸ ಕೆಡವಿದ್ದಳು ಅಂತ ಕಾಣುತ್ತೆ. ಬರಲಿ, ಕೇಳುತ್ತೇನೆ.

ಫೆಬ್ರವರಿ 15, ಶನಿವಾರ

ವಿಶೇಷ: ಒಂದನೇ ನಂಬರು ಸಿಡಿದಿದೆ.

ಫೆಬ್ರವರಿ 16, ಭಾನುವಾರ

ನೀರು: ಇಲ್ಲ.

ನಿನ್ನೆ ಅದಕ್ಕಿಂತ ಹೆಚ್ಚು ಬರೆಯೋಕೆ ಆಗಲಿಲ್ಲ. ಒಂದನೇದರ ಪಕ್ಕೆ ಬಿರಿದು ಒಳಗಿನದೆಲ್ಲ ಹೊರಗೆ ಬಂದಿತ್ತು. ಇವತ್ತು ಬೆಳಿಗ್ಗೆ ಮುಟ್ಟಿದರೆ ಬೆರಳು ಒಳಗೆ ಹೋಯಿತು. ಕೊಳೆತ ವಾಸನೆ.

ಕಾಗದದಲ್ಲಿ ಸುತ್ತಿಕೊಂಡು ಸಸಿ ಮಾರೋ ಅಂಗಡಿಗೆ ಹೋದೆ. ಅಂಗಡಿಯವನು ಬಿಚ್ಚಿ ನೋಡಿ ಮುಚ್ಚಿದ.

"ಯಜಮಾನರೇ, ಎಷ್ಟು ನೀರು ಹಾಕಿದ್ರಿ?"

"ದಿನಾ ಒಂದು ಲೋಟ."

"ದಿನಾನಾ! ಈ ಕಾಲದಲ್ಲಿ ಇದಕ್ಕೆ ತೊಟ್ಟು ನೀರೂ ಬೇಡ. ಕುಡಿದೂ ಕುಡಿದೂ ಹೊಟ್ಟೆ ಒಡೆದು ಸತ್ತಿದೆ."

"ನೀರಿಲ್ಲದೆ ಸಾಯೋದನ್ನ ನೋಡಿದ್ದೀನಿ. ನೀರಿದ್ದು ಸಾಯೋದು ಎಲ್ಲಿ ಕೇಳಿದ್ದೀಯಾ?"

"ಕೈಯಲ್ಲೇ ಹಿಡ್ಕೊಂಡಿದ್ದೀರಲ್ಲ" ಅಂದ.

ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇರುತ್ತೆ. ಒಳಗೆ ನೀರು ಎಲ್ಲಿಯವರೆಗೆ ಇದೆ ಅಂತ ಅದರಲ್ಲಿ ಕಾಣುತ್ತೆ. ಕೆಂಪು ಗುರುತಿಗಿಂತ ಕೆಳಗೆ ಇಳಿಯೋಕೆ ಬಿಡಬಾರದು. ಬಿಟ್ಟರೆ ಕಟ್ಟಡವೇ ಹೋಗುತ್ತೆ. ಮೂವತ್ತೆಂಟು ವರ್ಷ ಒಂದು ದಿನವೂ ಬಿಡಲಿಲ್ಲ. ಕೈ ತಾನಾಗಿ ನೀರಿನ ಕಡೆಗೆ ಹೋಗುತ್ತೆ. ಅಷ್ಟು ದೊಡ್ಡ ಬಾಯ್ಲರನ್ನು ಸಿಡಿಯೋಕೆ ಬಿಡದವನು, ನಿಂಬೆಹಣ್ಣಿನಷ್ಟು ಇಲ್ಲದ್ದನ್ನು ಹದಿಮೂರು ದಿನದಲ್ಲಿ ಸಿಡಿಸಿದೆ.

ಉಳಿದವಕ್ಕೆ ಗಾಳಿ ಬಿಸಿಲು ಕೊಡಿ, ಕೈ ಹಚ್ಚಬೇಡಿ ಅಂದಿದ್ದಾನೆ.

ಫೆಬ್ರವರಿ 18, ಮಂಗಳವಾರ

ಅಕ್ಕನನ್ನು ಆಸ್ಪತ್ರೆಯಿಂದ ಅವಳ ಮಗಳ ಮನೆಗೆ ಕರೆದುಕೊಂಡು ಹೋದರು. ಊರಿನ ಇನ್ನೊಂದು ತುದಿ. ಅಲ್ಲಿ ಲಿಫ್ಟ್ ಇದೆ. ಅಕ್ಕನ ಮಗಳು ಔಷಧಿ ಅಂಗಡಿ ಇಟ್ಟಿದ್ದಾಳೆ, ಮಾತ್ರೆಗೂ ತೊಂದರೆ ಇಲ್ಲ.

ಫೋನಿನಲ್ಲಿ ಅಕ್ಕ ಮೊದಲು ಕೇಳಿದ್ದು, "ಏಳೂ ಇದೆಯೇನೋ?"

ಇದೆ ಅಂದೆ.

ನಾನು ಊಟ ಮಾಡಿದೆನಾ ಅಂತ ಕೇಳಲಿಲ್ಲ.

ಫೆಬ್ರವರಿ 23, ಭಾನುವಾರ

ನೀರು: ಇಲ್ಲ. ಒತ್ತಡ: ಬಹಳ.

ಅಕ್ಕನ ಮಗಳು ತಾಯಿಯ ಬಟ್ಟೆ ತೆಗೆದುಕೊಂಡು ಹೋಗೋಕೆ ಬಂದಿದ್ದಳು. ದೊಡ್ಡ ಚೀಲ ತಂದಿದ್ದಳು. ನಾಲ್ಕು ಸೀರೆ ಸಾಲದೇ ಅಂದೆ. ಎಲ್ಲ ತೆಗೆದುಕೊಂಡು ಹೋಗ್ತೀನಿ ಮಾವ ಅಂದಳು.

"ಎಲ್ಲ ಯಾಕೆ?"

"ಅಮ್ಮ ಇನ್ನು ನಮ್ಮಲ್ಲೇ ಇರಲಿ ಅಂತ. ಇಲ್ಲಿ ಎರಡು ಮಹಡಿ ಹತ್ತಬೇಕು. ಬಚ್ಚಲ ಹೊಸ್ತಿಲು ನೋಡಿ, ಅಣೆಕಟ್ಟಿನ ಹಾಗಿದೆ. ನೀವೂ ಎಪ್ಪತ್ತು ದಾಟಿದವರು. ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ."

"ಮಾವ, ಬೇಜಾರು ಮಾಡ್ಕೋಬೇಡಿ. ನೀವು ಬಾಯ್ಲರ್ ಬಿಟ್ಟು ಇನ್ನೇನನ್ನ ನೋಡ್ಕೊಂಡಿದ್ದೀರಿ? ಅಮ್ಮ ನಡೆಯೋ ತನಕ ಆ ಕುಂಡಾನ ನೆಟ್ಟಗೆ ಇಟ್ಟುಕೊಳ್ಳಿ ಸಾಕು. ಏಳಕ್ಕೆ ಏಳೂ ಇದ್ದರೆ ಅಮ್ಮನ್ನ ನಾನೇ ಕರ್ಕೊಂಡು ಬಂದು ಬಿಡ್ತೀನಿ."

ಅವಳು ಚೇಷ್ಟೆಗೆ ಅಂದದ್ದು. ನಾನು ಸರಿ ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಅವಳೂ ಸರಿ ಅಂದಳು. ಅವಳು ಕುಂಡದ ಕಡೆಗೆ ಹೋಗದ ಹಾಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದೆ. ಸೊಂಟ ಹಿಡಿದಿದೆ ಅಂತ ಹೇಳಿದೆ. ಅದನ್ನೂ ನನ್ನ ವಿರುದ್ಧವೇ ಲೆಕ್ಕಕ್ಕೆ ತೆಗೆದುಕೊಂಡಳು. "ನೋಡಿ, ನಿಮ್ಮ ಸೊಂಟವೂ ಹೋಗಿದೆ."

ಬಟ್ಟೆಯ ಕಪಾಟು ಖಾಲಿಯಾಗಿದೆ. ಬಾಗಿಲು ಹಾಕಿದರೆ ತಾನಾಗಿ ತೆರೆದುಕೊಳ್ಳುತ್ತೆ. ಒಳಗೆ ಭಾರ ಇದ್ದಾಗ ಹಾಗೆ ಆಗುತ್ತಿರಲಿಲ್ಲ.

ಫೆಬ್ರವರಿ 24, ಸೋಮವಾರ

ವಿಶೇಷ: ಕೆಲಸ ಇತ್ತು.

ರಸ್ತೆ ತುದಿಯಲ್ಲಿ ಮನೆ ಕಟ್ಟುತ್ತಾ ಇದ್ದಾರೆ. ಅಲ್ಲಿನ ಮರಳುಗುಡ್ಡೆಯಲ್ಲಿ ಒಂದು ಗಂಟೆ ಹುಡುಕಿ ಸರಿಯಾದ ಗಾತ್ರದ ಒಂದು ಕಲ್ಲು ತಂದೆ. ಗಾರೆಯವನು ಏನು ಕಳೆದುಕೊಂಡಿರಿ ಅಂತ ಕೇಳಿದ. ಮರ್ಯಾದೆ ಅಂದೆ.

ಕಬ್ಬಿಣ ಕೊಯ್ಯೋ ಗರಗಸದಲ್ಲಿ ನಡುವೆ ಸೀಳು ಮಾಡಿದೆ. ಕಲ್ಲು ಗಟ್ಟಿ, ಎರಡು ಅಲಗು ಮುರಿದವು. ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿ ಬಣ್ಣ ಹಿಡಿಸಿದೆ. ಕಂದು ಚುಕ್ಕೆಗೆ ಬೂಟ್ ಪಾಲಿಶ್, ಬೆಂಕಿಕಡ್ಡಿಯ ತುದಿಯಿಂದ. ಒಂದನೇ ನಂಬರಿನ ಜಾಗದಲ್ಲಿ ಹೂತೆ.

ಅಂದವಾಗಿ ಬಂದಿದೆ. ಕೆಳಗಿನ ಮನೆಯ ದರ್ಜಿಯಮ್ಮನನ್ನು ಕರೆದು ತೋರಿಸಿದೆ. "ಮೂಲೆಯದು ಎಷ್ಟು ಆರೋಗ್ಯವಾಗಿದೆ!" ಅಂದಳು. ಸೂಜಿಗೆ ದಾರ ಪೋಣಿಸೋ ಕಣ್ಣು ಅವಳದು, ಅವಳಿಗೇ ಗೊತ್ತಾಗಲಿಲ್ಲ.

ಮಾರ್ಚ್ 2, ಭಾನುವಾರ

ದರ್ಜಿಯಮ್ಮನ ಫೋನಿನಲ್ಲಿ ಅಕ್ಕನ ಮುಖ ಕಂಡಿತು. ಇಳಿದು ಹೋಗಿದ್ದಾಳೆ. ಕುಂಡ ತೋರಿಸು ಅಂದಳು. ದರ್ಜಿಯಮ್ಮ ಫೋನನ್ನು ಕುಂಡದ ಮೇಲೆ ಹಿಡಿದಳು.

ಇನ್ನೂ ಹತ್ತಿರ ಹಿಡಿ ಅಂದಳು ಅಕ್ಕ.

"ಮೂಲೆಯದು ಚೆನ್ನಾಗಿ ಗಟ್ಟಿಯಾಗಿದೆಯಲ್ಲೋ" ಅಂದಳು.

"ಮತ್ತೆ? ನೋಡ್ಕೊಳ್ಳೋರು ಯಾರು!"

"ಹೂಂ" ಅಂದಳು. ಕೆಮ್ಮಿದಳೋ ನಕ್ಕಳೋ, ಆ ಫೋನಿನಲ್ಲಿ ಸರಿ ಕೇಳಿಸಲಿಲ್ಲ.

ಮಾರ್ಚ್ 12, ಬುಧವಾರ

ಎಲ್ಲವೂ ಸುಕ್ಕುಗಟ್ಟುತ್ತಾ ಇವೆ. ಎರಡು, ಮೂರು, ಐದು, ಆರು, ಏಳು. ಮುದುಕನ ಮೊಣಕೈ ಚರ್ಮದ ಹಾಗೆ ಆಗಿವೆ. ನಾಲ್ಕನೇದು ಮಾತ್ರ ಇದ್ದ ಹಾಗೇ ಇದೆ, ಜಗ್ಗಿಲ್ಲ. ಅದರ ಸೀಳು ಉಳಿದವಕ್ಕಿಂತ ಸ್ವಲ್ಪ ಬೆಳ್ಳಗೆ. ಗಟ್ಟಿ ಆಸಾಮಿ. ನನ್ನ ಥರ.

ಲೋಟ ತುಂಬಿಸಿ ಕಿಟಕಿಯವರೆಗೆ ಹೋದೆ. ವಾಪಸು ಬಂದೆ. ಮತ್ತೆ ಹೋದೆ. ಕೊನೆಗೆ ಆ ನೀರು ನಾನೇ ಕುಡಿದೆ. ಹೀಗೆ ಇವತ್ತು ಆರು ಲೋಟ ನೀರು ಕುಡಿದಿದ್ದೇನೆ.

ಮಾರ್ಚ್ 13, ಗುರುವಾರ

ಮತ್ತೆ ಸಸಿ ಅಂಗಡಿ. ಸಾಯ್ತಾ ಇವೆ ಅಂದೆ.

"ಸಾಯ್ತಾ ಇಲ್ಲ ಯಜಮಾನರೇ. ಒಳಗೆ ಹೊಸ ಜೋಡಿ ಎಲೆ ಹುಟ್ತಾ ಇದೆ. ಹಳೇ ಜೋಡಿ ತನ್ನಲ್ಲಿರೋ ನೀರನ್ನೆಲ್ಲ ಅದಕ್ಕೆ ಕುಡಿಸಿ ತಾನು ಒಣಗುತ್ತೆ. ನೀವು ಈಗ ನೀರು ಹಾಕಿದರೆ ಹಳೇದೂ ಹೋಗಲ್ಲ, ಹೊಸದೂ ಬರಲ್ಲ, ಎರಡೂ ಸೇರಿ ಕೊಳೆಯುತ್ತೆ."

"ಮತ್ತೆ ನಾನೇನು ಮಾಡಲಿ?"

"ಏನೂ ಮಾಡಬೇಡಿ. ಸುಮ್ಮನೆ ನೋಡ್ಕೊಳ್ಳಿ."

ಅಕ್ಕನೂ ಇದನ್ನೇ ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಹೊಯ್ದ ಹಾಗೆ ಅಂತ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಬೈಯುತ್ತಾ ಇದ್ದರು. ಹಾಗೆ ಬೈದ ದಿನವೆಲ್ಲ ಮನೆಗೆ ಬಂದ ಮೇಲೆ ಅಕ್ಕ ಅದೇ ಪಾಠ ಮತ್ತೆ ಹೇಳಿಕೊಡುತ್ತಿದ್ದಳು. ನಾನು ಶಾಲೆ ಬಿಟ್ಟ ಮೇಲೂ ಒಂದು ವರ್ಷ ಬಿಡದೆ ಬರೆಸಿದಳು. ಇಲ್ಲದಿದ್ದರೆ ಈ ಪುಸ್ತಕದಲ್ಲಿ 'ಇಲ್ಲ' ಅಂತ ಬರೆಯೋಕೂ ಬರುತ್ತಿರಲಿಲ್ಲ.

ಲೋಟವನ್ನು ದರ್ಜಿಯಮ್ಮನ ಕೈಗೆ ಕೊಟ್ಟು, ನಾನು ಕೇಳಿದರೂ ಕೊಡಬೇಡ ಅಂದೆ.

"ನೀರು ಯಾವುದರಲ್ಲಿ ಕುಡೀತೀರಿ?"

"ಬೊಗಸೆಯಲ್ಲಿ."

"ಇನ್ನೊಂದು ಲೋಟ ಇಲ್ವಾ ಮನೇಲಿ?"

ಇತ್ತು. ಅದನ್ನೂ ಕೊಟ್ಟೆ.

ಮಾರ್ಚ್ 20, ಗುರುವಾರ

ನೀರು: ಇಲ್ಲ. ವಿಶೇಷ: ಕುರ್ಚಿಯನ್ನು ಅಕ್ಕನ ಕೋಣೆಗೆ ಹಾಕಿಕೊಂಡಿದ್ದೇನೆ. ಬೆಳಕು ಅಲ್ಲಿ ಚೆನ್ನಾಗಿದೆ.

ಮಾರ್ಚ್ 29, ಶನಿವಾರ

ಬಚ್ಚಲ ಹೊಸ್ತಿಲು ಒಡೆದು ಹಾಕಿದೆ. ಸುಮ್ಮನೆ ಕೂತು ಕೈ ತುರಿಸುತ್ತಾ ಇತ್ತು. ಹೊಸ್ತಿಲು ಹೋದ ಮೇಲೆ ನೀರು ಹೊರಗೆ ಹರಿಯಿತು. ನೆಲ ಕಿತ್ತು ಒಳಗಡೆಗೆ ಇಳಿಜಾರು ಕೊಟ್ಟೆ. ನೀರು ಯಾವ ಕಡೆ ಹೋಗಬೇಕು ಅಂತ ಅದಕ್ಕೆ ಹೇಳಿಕೊಡೋದು ನನಗೆ ಗೊತ್ತು, ಹಾಕದೆ ಇರೋದೇ ಕಷ್ಟ.

ಮೂರು ದಿನ ಸ್ನಾನ ಇಲ್ಲ, ಸಿಮೆಂಟು ಒಣಗಬೇಕು.

ಏಪ್ರಿಲ್ 6, ಭಾನುವಾರ

ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋಕೆ ಕಬ್ಬಿಣದ ಪೈಪ್ ಹಾಕುತ್ತಾ ಇದ್ದೇನೆ. ಮೆಟ್ಟಿಲು ಒಟ್ಟು ಮೂವತ್ನಾಲ್ಕು. ಇಷ್ಟು ವರ್ಷ ಹತ್ತಿದ್ದೇನೆ, ಇವತ್ತೇ ಎಣಿಸಿದ್ದು. ಪೈಪ್ ಎಷ್ಟು ಎತ್ತರಕ್ಕೆ ಇರಬೇಕು ಅಂತ ತಿಳಿಯಲಿಲ್ಲ. ನನ್ನ ಎತ್ತರಕ್ಕೆ ಹಾಕಿದರೆ ಅಕ್ಕನಿಗೆ ಕಿವಿಗೆ ಬರುತ್ತೆ. ದರ್ಜಿಯಮ್ಮನ ಹತ್ತಿರ ಅಕ್ಕನ ಅಳತೆ ಇರುತ್ತಲ್ಲ, ಕೇಳಿದೆ. ಪುಸ್ತಕ ತೆಗೆದಳು. ಭುಜ, ತೋಳು, ಎಲ್ಲ ಬರೆದಿಟ್ಟಿದ್ದಾಳೆ. ನೆಲದಿಂದ ಸೊಂಟದವರೆಗೆ ಲಂಗದ ಅಳತೆಯೂ ಇತ್ತು.

ಒಂದು ಕಾಲು ಬಗ್ಗಿಸದೆ, ಕೋಲು ಹಿಡಿದು, ಆ ಎತ್ತರದಲ್ಲಿ ಕೈ ಇಟ್ಟುಕೊಂಡು ಮೂವತ್ನಾಲ್ಕೂ ಹತ್ತಿ ನೋಡಿದೆ. ಹತ್ತೊಂಬತ್ತನೇ ಮೆಟ್ಟಿಲಲ್ಲಿ ಉಸಿರು ಹೋಗುತ್ತೆ. ಅಲ್ಲಿ ಒಂದು ಸ್ಟೂಲ್ ಬೇಕು.

ದರ್ಜಿಯಮ್ಮ ಕೆಳಗಿಂದ ಕೂಗಿದಳು. "ಏನಾಯ್ತು ನಿಮಗೆ? ನೀವೂ ಬಿದ್ರಾ?"

"ಅಕ್ಕನ ಥರ ನಡೀತಾ ಇದ್ದೀನಿ."

"ಅಕ್ಕ ಅಷ್ಟು ಬೈಕೊಂಡು ಹತ್ತಲ್ಲ ಬಿಡಿ" ಅಂದಳು.

ಏಪ್ರಿಲ್ 9, ಬುಧವಾರ

ಸ್ಟೂಲ್ ಇಟ್ಟೆ. ಆರನೇದರ ಸೀಳು ಅಗಲವಾಗಿದೆ. ಒಳಗೆ ಏನೋ ಹಸಿರು.

ಏಪ್ರಿಲ್ 21, ಸೋಮವಾರ

ಅಕ್ಕ ಫೋನ್ ಮಾಡಿದ್ದಳು. ಕೋಲು ಹಿಡಿದು ನಡೀತಾಳಂತೆ. ಅಲ್ಲೇ ಹಿತವಾಗಿದೆಯಾ ಅಂತ ಕೇಳಿದೆ. ಹಾಗೆ ಕೇಳಬಾರದಿತ್ತು, ಹೌದು ಅಂದರೆ ಏನು ಮಾಡೋದು?

"ಎಲ್ಲ ಇದೆ ಕಣೋ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಮೆತ್ತನೆ ಹಾಸಿಗೆ. ಎಲ್ಲರೂ ಮೆಲ್ಲಗೆ ಮಾತಾಡ್ತಾರೆ. ನಾನೇನೋ ಗಾಜಿನ ಸಾಮಾನು ಅನ್ನೋ ಹಾಗೆ. ಬೈಯೋರು ಒಬ್ಬರೂ ಇಲ್ಲ."

"ಬೈಯಬೇಕಾ?"

"ಬೈಯೋ, ನೋಡೋಣ."

ಬಿಸಿಲು ಜಾಸ್ತಿ, ನೀರು ಚೆನ್ನಾಗಿ ಕುಡಿ ಅಂದುಬಿಟ್ಟೆ. ಅಕ್ಕ ಗಾಬರಿಯಾಗಿ, "ಮೈ ಹುಷಾರಿಲ್ವೇನೋ ನಿನಗೆ?" ಅಂದಳು.

ಮೇ 4, ಭಾನುವಾರ

ನೀರು: ಅರ್ಧ ಲೋಟ, ಅಂಗಡಿಯವನು ಹೇಳಿದ ಮೇಲೆ. ವಿಶೇಷ: ಇದೆ.

ಎರಡು, ಮೂರು, ಐದು, ಆರು, ಏಳು, ಎಲ್ಲದರೊಳಗಿಂದಲೂ ಹೊಸದು ಬಂದಿದೆ. ಹಳೇದು ಈರುಳ್ಳಿ ಸಿಪ್ಪೆಯ ಹಾಗೆ ಒಣಗಿ ಸುತ್ತಲೂ ಅಂಟಿಕೊಂಡಿದೆ. ಹೊಸದರ ಮೈ ನುಣ್ಣಗೆ, ಚುಕ್ಕೆ ಇನ್ನೂ ಒದ್ದೆ ಬಣ್ಣದ ಹಾಗಿದೆ. ನಾಲ್ಕನೇದು ಮಾತ್ರ ಇನ್ನೂ ಹಟ ಹಿಡಿದು ಕೂತಿದೆ. ಹಾಳಾಗಲಿ, ಬಿದ್ದಿರಲಿ ಅಂತ ಬಿಟ್ಟಿದ್ದೇನೆ. ಎಲ್ಲರೂ ಒಂದೇ ಸಲಕ್ಕೆ ಬಗ್ಗೋಲ್ಲ.

ಅರ್ಧ ಲೋಟ ಹಾಕೋದಕ್ಕೆ ಕಾಲು ಗಂಟೆ ತೆಗೆದುಕೊಂಡೆ. ಲೋಟ ದರ್ಜಿಯಮ್ಮನಿಗೆ ವಾಪಸು ಕೊಟ್ಟೆ.

ಮೇ 11, ಭಾನುವಾರ

ಇವತ್ತು ಬಂದರು. ಅಕ್ಕ ಮೂವತ್ನಾಲ್ಕು ಮೆಟ್ಟಿಲನ್ನೂ ಪೈಪ್ ಹಿಡಿದೇ ಹತ್ತಿದಳು. ಹತ್ತೊಂಬತ್ತನೇದರಲ್ಲಿ ಕೂತಳು. "ಇದನ್ನ ಯಾವಾಗ ಇಟ್ಟರು?" ಅಂದಳು. ಯಾರೋ ಇಟ್ಟಿದ್ದಾರೆ ಅಂದೆ. ಮಗಳು ಪೈಪನ್ನು ಅಲುಗಾಡಿಸಿ ನೋಡಿದಳು, ಬಚ್ಚಲಿಗೆ ಹೋಗಿ ನೋಡಿದಳು. ನೇರ ಕುಂಡದ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು.

ಅವಳ ಬೆರಳು ಒಂದನೇದರ ಮೇಲೆ ನಿಂತಿತು. ಬೂಟ್ ಪಾಲಿಶ್ ಬಿಸಿಲಿಗೆ ಸ್ವಲ್ಪ ಹೊಳೆಯುತ್ತಾ ಇತ್ತು. ಬಾಯ್ಲರ್ ಸಿಡಿಯೋ ಮುಂಚೆ ಒಂದು ಥರ ಸದ್ದಾಗುತ್ತೆ ಅಂತ ಹಿಂದಿನವರು ಹೇಳೋರು. ಅದು ನನ್ನ ಕಿವಿಯೊಳಗೇ ಆಯಿತು.

"ಅಮ್ಮ, ಇದು ಹೊಸದಾಗಿಲ್ವಲ್ಲ?"

ಅಕ್ಕ ಮಂಚದ ಮೇಲೆ ಕೂತು ಕಾಲು ಚಾಚುತ್ತಾ ಇದ್ದಳು. ನೋಡಲೂ ಇಲ್ಲ. "ಅದು ತಡವಾಗಿ ಬದಲಾಗೋ ಜಾತಿ ಕಣೇ. ನಾಲ್ಕನೇದೂ ಹಾಗೇ. ಎಣಿಸು, ಏಳಿದೆಯಾ ಇಲ್ವಾ?"

"ಏಳಿದೆ."

"ಮತ್ತೆ? ಆಡಿದ ಮಾತು ಆಡಿದ ಹಾಗೆ ನಡೆಸು."

ಮಗಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಒಂದು ತಿಂಗಳು ನೋಡ್ತೀನಿ ಮಾವ. ಪ್ರತಿ ಭಾನುವಾರ ಬರ್ತೀನಿ" ಅಂದಳು. ಬಟ್ಟೆ ಚೀಲ ಕೆಳಗೆ ಕಾರಿನಲ್ಲೇ ಇತ್ತಂತೆ. ಹೋಗಿ ತಂದಳು. ಹಾಗಾದರೆ ಮೊದಲೇ ತಂದಿದ್ದಳು.

ಅವಳ ಕಾರು ಹೋದ ಮೇಲೆ ಅಕ್ಕ ಕುಂಡ ಎತ್ತಿಕೊಂಡು ಬಾ ಅಂದಳು. ಮಡಿಲಲ್ಲಿಟ್ಟುಕೊಂಡು ಒಂದನೇದನ್ನು ಸೀದಾ ಕಿತ್ತಳು. ಮೂಸಿದಳು.

"ಲೋ, ಬೂಟ್ ಪಾಲಿಶ್ ಹಚ್ಚಿದ್ದೀಯಲ್ಲೋ! ಇದೇನು, ಗರಗಸದಲ್ಲಿ ಕೊಯ್ದಿದ್ದಾ?"

"ಯಾವಾಗ ಗೊತ್ತಾಯ್ತು?"

"ಫೋನಲ್ಲಿ ನೋಡಿದಾಗಲೇ. ಗಿಡದ ಸೀಳು ಅಷ್ಟು ನೆಟ್ಟಗಿರುತ್ತೇನೋ ಮುಠ್ಠಾಳ?"

ನೀರು ಹಾಕಿ ಸಾಯಿಸಿದ್ದನ್ನು ಹೇಳಿದೆ. ಬೈಗುಳ ಕಾದು ನಿಂತಿದ್ದೆ. ಅವಳು ಬೈಯಲಿಲ್ಲ. ಎರಡು ಬೆರಳು ಹಾಕಿ ನಾಲ್ಕನೇದನ್ನೂ ಕಿತ್ತು ನನ್ನ ಅಂಗೈ ಮೇಲೆ ಇಟ್ಟಳು. ಭಾರ ಇತ್ತು. ತಿರುಗಿಸಿ ನೋಡಿದೆ. ಬೇರಿಲ್ಲ. ಹೊಳೆಕಲ್ಲು. ಸೀಳು ಅಂದುಕೊಂಡಿದ್ದು ಹುಟ್ಟಾ ಬಂದ ಬಿಳಿ ಗೆರೆ.

"ಇದು ನಂದು. ಒಂಬತ್ತು ವರ್ಷ ಆಯ್ತು. ನಾನೂ ನೀರು ಹೆಚ್ಚು ಹಾಕಿಬಿಟ್ಟಿದ್ದೆ."

"ಹಾಗಿದ್ರೆ ಬಚ್ಚಿಟ್ಟಿದ್ದು ಯಾಕೆ?"

"ನೀನು ಸುಮ್ಮನೆ ಬಿಡ್ತಿದ್ದೆಯಾ? ಕಲ್ಲನ್ನೂ ಸಾಯಿಸಿದವಳು ಅಂತ ವರ್ಷಗಟ್ಟಲೆ ಆಡ್ಕೋತಿದ್ದೆ."

ಆಡಿಕೊಳ್ಳುತ್ತಿದ್ದೆ. ಅದು ನಿಜ. ಈಗಲೂ ಒಂದು ಮಾತು ನಾಲಗೆ ತುದಿಗೆ ಬಂತು, ಒಳ್ಳೆಯ ಮಾತೇ ಬಂದಿತ್ತು, ಆಡಲಿಲ್ಲ. ಯಾಕೆ ಅಂತ ಗೊತ್ತಿಲ್ಲ. ದಣಿವಾಗಿತ್ತು.

ಎರಡು ತಿಂಗಳು ನಾನು ಆ ನಾಲ್ಕನೇದನ್ನು ಗಟ್ಟಿ ಆಸಾಮಿ ಅಂತ ಹೊಗಳಿದ್ದನ್ನು ಅವಳಿಗೆ ಹೇಳಿಲ್ಲ. ಹೇಳೋದೂ ಇಲ್ಲ.

ಮೇ 12, ಸೋಮವಾರ

ನೀರು: ಇಲ್ಲ. ಒತ್ತಡ: ಸರಿ.

ಬೆಳಿಗ್ಗೆ ಎದ್ದವಳೇ, ಕುರ್ಚಿ ತನ್ನ ಕೋಣೆಯಲ್ಲಿ ಯಾಕಿದೆ, ಮನೆಯಲ್ಲಿ ಒಂದೂ ಲೋಟ ಯಾಕಿಲ್ಲ ಅಂತ ಶುರು ಮಾಡಿದಳು. ನಿನ್ನ ಕೈಯಲ್ಲಿ ಕೊಟ್ಟರೆ ಮನೆ ಉಳಿಯುತ್ತಾ ಅಂದಳು. ನಾನೂ ಸರಿಯಾಗಿ ಕೊಟ್ಟೆ. ಕೆಳಗಿನ ಮನೆಗೆ ಕೇಳಿಸುವಷ್ಟು ಆಯಿತು. ದರ್ಜಿಯಮ್ಮ ಎರಡು ಲೋಟ ತಂದುಕೊಟ್ಟು ಹೋದಳು.

ಕಪಾಟಿನ ಬಾಗಿಲು ಈಗ ಹಾಕಿದರೆ ನಿಲ್ಲುತ್ತೆ.

ಆ ಎರಡು ಕಲ್ಲನ್ನು ಬಿಸಾಡು ಅಂದಿದ್ದಳು. ಭಾನುವಾರ ಮಗಳು ಬಂದು ಎಣಿಸಿದರೆ? ಇದ್ದ ಜಾಗದಲ್ಲೇ ಮತ್ತೆ ಹೂತಿದ್ದೇನೆ. ಅವಳೂ ನೋಡಿ ಸುತ್ತ ಮರಳು ಒತ್ತಿದಳು.

ಐದು ಗಿಡ, ಎರಡು ಕಲ್ಲು. ಒಟ್ಟು ಏಳು.

ವಿಶೇಷ: ಇಲ್ಲ.